ಬೆಟ್ಟದ ದಾರಿಯೂ ಬೈಸಿಕಲ್ಲೂ



ಕಾಲೇಜಿನ ಉಪನ್ಯಾಸಕನೊಬ್ಬನು ಬೈಸಿಕಲ್ಲಿನ ಸವಾರಿಯನ್ನು ಕುರಿತು ಮಾತನಾಡಹೊರಟಿದ್ದಾನೆಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ನಮ್ಮ ಮನೆಯಲ್ಲಿಯೂ ಬಂದಿತು. ನಲವತ್ತು ದಾಟಿದ ಗೃಹಸ್ಥನು ಭಾನುವಾರದ ಬೆಳಗಿನ ಜಾವದಲ್ಲಿ ಷರಾಯಿಯ ಅಂಚಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು ಹೊರಡುವುದು ಅಷ್ಟೇನೂ ಗಂಭೀರವಾದ ನೋಟವಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೂ ಈ ಹವ್ಯಾಸದಿಂದ ನನಗೆ ದೊರೆತ ಸುಖ ಒಂದು. ಅದರ ಜೊತೆಗೆ ಬಂದ ಧರ್ಮಸಂಕಟ ಮತ್ತೊಂದು. ಎರಡನ್ನೂ ತಮ್ಮ ಮುಂದಿಡಬೇಕೆಂದು ಬಂದಿದ್ದೇನೆ.

ನಾನಿರುವುದು ಆನೇಕಲ್ಲಿನಲ್ಲಿ. ಈ ತಾಲ್ಲೂಕಿಗೆ ಎರಡು ಮುಖಗಳಿವೆ. ಉತ್ತರಕ್ಕೆ ಹೊರಟರೆ ಚಂದಾಪುರ, ಬೊಮ್ಮಸಂದ್ರ, ಅದರಾಚೆ ಎಲೆಕ್ಟ್ರಾನಿಕ್ ಸಿಟಿ; ಕಾರ್ಖಾನೆಗಳ ಸಾಲು, ಕಂಬಗಳ ಮೇಲೆ ನಿಂತ ಹೆದ್ದಾರಿ, 2025ರ ಆಗಸ್ಟಿನಿಂದ ಬೊಮ್ಮಸಂದ್ರದವರೆಗೂ ಬರುತ್ತಿರುವ ಮೆಟ್ರೋ ರೈಲು. ಆ ದಿಕ್ಕಿನಲ್ಲಿ ಬೈಸಿಕಲ್ಲು ಹತ್ತುವವನು ಮೊದಲು ಜೀವವಿಮೆಯ ಕಂತನ್ನು ಕಟ್ಟಿರಬೇಕು. ದಕ್ಷಿಣಕ್ಕೂ ಪಶ್ಚಿಮಕ್ಕೂ ತಿರುಗಿದರೆ ಲೋಕವೇ ಬೇರೆ. ಸುಮಾರು ಐದು ಕಿಲೋಮೀಟರಿನಲ್ಲಿ ಮುತ್ಯಾಲಮಡುವಿನ ಕಣಿವೆ. ಒಂದು ಪಕ್ಕಕ್ಕೆ ಬನ್ನೇರುಘಟ್ಟದ ಕಾಡಿನ ಸೆರಗು. ಇನ್ನೊಂದು ಪಕ್ಕಕ್ಕೆ ರಾಗಿಯ ಹೊಲ, ಬೋಳುಬಂಡೆ, ಹುಣಿಸೆಯ ಮರ. ತಳಿಯ ಕಡೆಗೆ ಗಡಿ ದಾಟಿದೊಡನೆ ಊರ ಫಲಕದ ಲಿಪಿ ತಮಿಳಾಗುತ್ತದೆ; ಚಹಾದಂಗಡಿಯ ಮಾತು ಮಾತ್ರ ಎಷ್ಟೋ ಹಳ್ಳಿಗಳಲ್ಲಿ ಕನ್ನಡವಾಗಿಯೇ ಉಳಿದಿದೆ. ಅಲ್ಲಿಯ ತಂಪನ್ನು ಕಂಡು ಬ್ರಿಟಿಷರು ತಳಿಯನ್ನು ‘ಪುಟ್ಟ ಇಂಗ್ಲೆಂಡು’ ಎಂದು ಕರೆದರಂತೆ. ಮನೆಯ ನೆನಪು ಕಾಡುವವನ ಕಣ್ಣಿಗೆ ಎಲ್ಲವೂ ಮನೆಯೇ.

ಈ ದಾರಿಗಳಲ್ಲಿ ಏರಿಳಿತ ಬಹಳ. ದಿಬ್ಬವೊಂದು ಎದುರಾದಾಗ ಸವಾರನಿಗೆ ಭೌತಶಾಸ್ತ್ರವು ಪುಸ್ತಕದಿಂದ ಮೊಣಕಾಲಿಗೆ ಇಳಿಯುತ್ತದೆ. ನೂರು ಮೀಟರು ಸಾಗುವಷ್ಟರಲ್ಲಿ ಐದು ಮೀಟರು ಮೇಲೇರುವ ರಸ್ತೆ ಕಣ್ಣಿಗೆ ಹೆಚ್ಚುಕಡಿಮೆ ಮಟ್ಟಸವಾಗಿಯೇ ಕಾಣುತ್ತದೆ. ಎದೆ ಬೇರೆಯೇ ಲೆಕ್ಕ ಹೇಳುತ್ತದೆ. ನಾನೂ ಬೈಸಿಕಲ್ಲೂ ಕೂಡಿ ತೊಂಬತ್ತು ಕಿಲೋ ಇದ್ದೇವೆ. ಅಷ್ಟು ಭಾರವನ್ನು ಮೇಲಕ್ಕೆ ಎತ್ತುವ ಕೆಲಸ ಯಾವ ಗೇರಿನಿಂದಲೂ ಒಂದು ತೊಲದಷ್ಟೂ ಕಡಮೆಯಾಗದು. ಗೇರು ಮಾಡುವುದಿಷ್ಟೆ: ಸಾಲವನ್ನು ಮನ್ನಾ ಮಾಡದೆ, ಸಣ್ಣ ಸಣ್ಣ ಕಂತುಗಳಲ್ಲಿ ತೀರಿಸಿಕೊಳ್ಳಲು ಅವಕಾಶ ಕೊಡುತ್ತದೆ.

ಈ ಬಗೆಯ ಸವಾರಿಗೆ ಹೆಸರಾದ ನಾಡುಗಳು ಯೂರೋಪಿನ ದಕ್ಷಿಣದಲ್ಲಿವೆ. ಫ್ರಾನ್ಸಿನ ಮೋಂ ವಾಂತೂ ಬೆಟ್ಟವನ್ನು ಕವಿ ಪೆಟ್ರಾರ್ಕನು ತಮ್ಮನೊಡನೆ 1336ರಲ್ಲಿ ನಡೆದು ಹತ್ತಿದುದಾಗಿ ಬರೆದಿದ್ದಾನೆ. 1,900 ಮೀಟರಿಗೂ ಮಿಗಿಲಾದ ಆ ಬೆಟ್ಟವನ್ನು ಇಂದು ಬೈಸಿಕಲ್ಲಿನವರು ಏರುತ್ತಾರೆ. 1967ರಲ್ಲಿ ಟಾಮ್ ಸಿಂಪ್ಸನ್ ಎಂಬ ಪಂದ್ಯಗಾರನು ಅದರ ಇಳಿಜಾರಿನಲ್ಲಿಯೇ ಕುಸಿದು ಪ್ರಾಣಬಿಟ್ಟನು. ಇಟಲಿಯ ಟಸ್ಕನಿಯಲ್ಲಿ ಊರುಗಳೇ ಗುಡ್ಡದ ನೆತ್ತಿಯ ಮೇಲೆ ಕುಳಿತಿವೆ. ಶತ್ರುವಿನ ಭಯ, ಕೆಳಗಿನ ಜೌಗಿನ ಜ್ವರದ ಭಯ ಎರಡೂ ಸೇರಿ ಜನರನ್ನು ಮೇಲಕ್ಕೆ ಅಟ್ಟಿದವು. ನಮ್ಮ ಸೀಮೆಯಲ್ಲಿ ಇದು ತಿರುವುಮುರುವು. ಇಲ್ಲಿ ಊರು ಕೆರೆಯನ್ನು ನೆಚ್ಚಿ ತಗ್ಗಿನಲ್ಲಿರುತ್ತದೆ. ಬೆಟ್ಟವನ್ನು ದೇವರಿಗೆ ಬಿಟ್ಟಿದ್ದೇವೆ. ಬನ್ನೇರುಘಟ್ಟದ ಚಂಪಕಧಾಮಸ್ವಾಮಿಯನ್ನು ನೆನೆಯಿರಿ.

ಆ ಟಸ್ಕನಿಯಲ್ಲಿ ‘ಬಿಳಿಯ ದಾರಿ’ಗಳೆಂಬ ಜಲ್ಲಿಯ ರಸ್ತೆಗಳುಂಟು. ಅವುಗಳಿಗೆ ಡಾಮರು ಬೀಳದಂತೆ ಕಾಪಾಡಬೇಕೆಂಬ ಉದ್ದೇಶದಿಂದ 1997ರಲ್ಲಿ ಗಯೋಲೆ ಎಂಬ ಊರಿನಲ್ಲಿ ‘ಲೆರೋಯ್ಕ’ ಎಂಬ ಸವಾರಿಯನ್ನು ಆರಂಭಿಸಿದರು. 1987ಕ್ಕೆ ಹಿಂದಿನ ರಸ್ತೆಯ ಬೈಸಿಕಲ್ಲುಗಳಿಗೆ ಮಾತ್ರ ಅಲ್ಲಿ ಪ್ರವೇಶ. ಇದನ್ನು ಓದಿದಾಗ ನಮ್ಮ ಮಣ್ಣಿನ ದಾರಿಗಳಿಗೂ ಇಂಥ ಕಾವಲು ಬೇಕೆಂದು ನನಗೆ ಬಲವಾಗಿ ತೋರಿತ್ತು. ಆ ಅಭಿಪ್ರಾಯವನ್ನು ತಲೆಯಲ್ಲಿಟ್ಟುಕೊಂಡೇ ಒಂದು ಅವರೆಯ ಕಾಲದಲ್ಲಿ, ಗಡಿಗಿಂತ ಈಚೆಗೆ, ಕಾಡಿನ ಅಂಚಿನ ದಿಣ್ಣೆಯ ಮೇಲಿರುವ ಹಳ್ಳಿಯೊಂದನ್ನು ಸೇರಿದೆ. ಹಳ್ಳಿಯ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ಮುಂದಿನ ಭಾನುವಾರ ಅಲ್ಲಿ ಐವತ್ತು ಬೈಸಿಕಲ್ಲುಗಳು ನಿಂತಿರುತ್ತವೆ.

ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಮುದುಕಿಯೊಬ್ಬಳು ನೀರು ಕೊಟ್ಟು, “ಎಲ್ಲಿಗೆ ಹೋಗ್ತಿದ್ದೀರ ಸ್ವಾಮಿ?” ಎಂದಳು.

“ಎಲ್ಲಿಗೂ ಇಲ್ಲಮ್ಮ, ಸುಮ್ಮನೆ ಬಂದೆ.”

“ಸುಮ್ಮನೆ ಈ ದಿಣ್ಣೆ ಹತ್ತಿದ್ರಾ? ಮನೇಲಿ ಯಾರಾದ್ರೂ ಬೈದ್ರಾ?”

ನಾನು ನಕ್ಕು, ನಿಮ್ಮ ಊರು ಎಷ್ಟು ನಿಶ್ಶಬ್ದವಾಗಿದೆ, ಅದಕ್ಕಾಗಿಯೇ ಬಂದೆನೆಂದು ಹೇಳಿದೆ.

“ನಿಶ್ಶಬ್ದ ಏನು ಬಂತು ಸ್ವಾಮಿ, ಬಸ್ಸಿಲ್ಲ ಅಷ್ಟೇ.”

ಈ ಒಂದು ಮಾತಿಗೆ ನನ್ನ ಟಸ್ಕನಿಯೆಲ್ಲ ಕುಸಿದುಬಿದ್ದಿತು. ಮೊಮ್ಮಗಳು ಏಳನೆಯ ತರಗತಿ ಮುಗಿಸಿದ್ದಾಳೆ. ಪ್ರೌಢಶಾಲೆ ಮೂರು ಮೈಲಿ ದೂರ. ರಾಗಿಯ ತೆನೆ ಬಲಿಯುವ ಕಾಲಕ್ಕೆ ಆನೆಗಳು ಹೊಲಕ್ಕಿಳಿಯುತ್ತವೆ. ಕಾವೇರಿಯ ಕಡೆಯ ಕಾಡುಗಳಿಂದ ಬನ್ನೇರುಘಟ್ಟದವರೆಗೆ ಈ ಸೆರಗೆಲ್ಲ ಅವುಗಳ ಪೂರ್ವಿಕರ ಹಾದಿ, ತಪ್ಪು ಅವುಗಳದ್ದೆನ್ನುವಂತಿಲ್ಲ. “ಆನೆ ಬಂದೈತೆ ಅಂದ್ರೆ ಆವತ್ತು ಇಸ್ಕೂಲಿಲ್ಲ. ಹಿಂಗೇ ಆದ್ರೆ ಬಿಡಿಸಿಬಿಡೋದೇ” ಎಂದಳು ಅಜ್ಜಿ. ಬೈಸಿಕಲ್ಲು ಕೊಡಿಸಬಾರದೆ ಎಂದು ನಾನು ಕೇಳಿದ್ದು ಎಷ್ಟು ಪೆದ್ದುಮಾತೆಂಬುದು ಆಮೇಲೆ ಹೊಳೆಯಿತು. ಸದ್ದಿಲ್ಲದಿರುವುದನ್ನೇ ನಾವು ಬೈಸಿಕಲ್ಲಿನ ಗುಣವೆಂದು ಹೊಗಳುತ್ತೇವಷ್ಟೆ. ಸದ್ದಿಲ್ಲದೆ ತಿರುವಿನಲ್ಲಿ ಆನೆಯ ಎದುರಿಗೇ ಹೋಗಿ ನಿಲ್ಲುವುದು ಮಕ್ಕಳಿಗೆ ಹೇಳಿಕೊಡತಕ್ಕ ಗುಣವಲ್ಲ. ಗಯೋಲೆಯ ರೈತನಿಗೆ ಬಿಳಿಯ ದಾರಿ ಒಂದು ಅಲಂಕಾರವಾಗಬಲ್ಲದು, ಅವನ ಕೊಟ್ಟಿಗೆಯಲ್ಲಿ ಕಾರಿರುವುದರಿಂದ.

ನಾನು ಮೇಷ್ಟ್ರೆಂದು ತಿಳಿದೊಡನೆ ಅಜ್ಜಿ, “ಹಂಗಾದ್ರೆ ಬಸ್ಸು ಬಿಡೋ ಹಂಗೆ ಒಂದು ಅರ್ಜಿ ಬರ್ದುಕೊಡಿ” ಎಂದಳು. ಹುಡುಗಿ ನೋಟುಪುಸ್ತಕದಿಂದ ಹಾಳೆ ಹರಿದುಕೊಟ್ಟಳು. ಮೊಣಕಾಲಿನ ಮೇಲಿಟ್ಟುಕೊಂಡು ಬರೆಯತೊಡಗಿದೆ. ಇಂಗ್ಲಿಷಿನಲ್ಲಾದರೆ ಇಂಥ ಕಾಗದ ಐದು ನಿಮಿಷದ ಕೆಲಸ. ಅಂದು ಅರ್ಧ ಗಂಟೆ ಹಿಡಿಯಿತು. ಪ್ರತಿ ವಾಕ್ಯದಲ್ಲಿಯೂ ನನ್ನ ಭಾನುವಾರವನ್ನು ನಾನೇ ಹರಾಜಿಗಿಡುತ್ತಿದ್ದಂತೆ ಅನಿಸುತ್ತಿತ್ತು. ಮುಗಿದ ಮೇಲೆ ಹುಡುಗಿ ಅದನ್ನು ಗಟ್ಟಿಯಾಗಿ ಓದಿ, “ಮೂವತ್ತು ಮನೆ ಅಂತ ಬರೆದಿದ್ದೀರ ಸಾರ್, ಮೂವತ್ತೆರಡು” ಎಂದು ತಾನೇ ತಿದ್ದಿದಳು.

ಅರ್ಜಿ ಕಚೇರಿಯನ್ನು ಸೇರಿದೆ. ಬಸ್ಸು ಇನ್ನೂ ಬಂದಿಲ್ಲ. ನಾನು ಈಗಲೂ ಆ ದಿಣ್ಣೆಯನ್ನು ಹತ್ತುತ್ತೇನೆ. ಕೊನೆಯ ತಿರುವಿನಲ್ಲಿ ಒಂದು ಕಾಲನ್ನು ನೆಲಕ್ಕೂರಿ, ಹಿಂದಿನಿಂದ ಬಸ್ಸಿನ ಸದ್ದೇನಾದರೂ ಬರುತ್ತಿದೆಯೇ ಎಂದು ಕಿವಿಗೊಡುತ್ತೇನೆ. ಏನೂ ಕೇಳಿಸದಿದ್ದಾಗ ಮೊದಲು ಸಂತೋಷವೇ ಆಗುತ್ತದೆಂಬುದನ್ನು ಆ ಹುಡುಗಿಗೆ ಇದುವರೆಗೂ ಹೇಳಿಲ್ಲ.