ಹೊಟ್ಟೆಯೊಳಗಿನ ಮಗುವಿನ ಮಿದುಳಿನ ಸಿಗ್ನಲ್

ಗರಿಯಾಹಾಟ್‌ನ ಬಾಡಿಗೆ ಮನೆಯಿಂದ ರೆಕಾರ್ಡ್ ಮಾಡ್ತಿದ್ದೀನಿ. ಹಾರ್ನ್, ಫುಟ್‌ಪಾತ್‌ನಲ್ಲಿ ಸೀರೆ ಮಾರೋರ ಕೂಗು ಕೇಳಿಸಿದರೆ ಸಹಿಸ್ಕೊಳ್ಳಿ. ಇವತ್ತಿನ ವಿಷಯವೂ ಗದ್ದಲದ್ದೇ.

ನನ್ನ ಹೆಂಡತಿಗೆ ಈಗ 34ನೇ ವಾರ. ಮಗುವಿನ ಬೆಳವಣಿಗೆ ಸ್ವಲ್ಪ ಕಡಿಮೆ ಅಂದಿದ್ದಾರೆ. ಎದೆಬಡಿತ ಸರಿಯಿದೆ, ಹೊಕ್ಕುಳಬಳ್ಳಿಯ ರಕ್ತದ ಹರಿವನ್ನ ಡಾಪ್ಲರ್‌ನಲ್ಲಿ ನೋಡ್ತಿದ್ದಾರೆ. "ಮಿದುಳು ಹೇಗೆ ಕೆಲಸ ಮಾಡ್ತಿದೆ ಅಂತ ಗೊತ್ತಾಗುತ್ತಾ ಡಾಕ್ಟರೇ?" ಅಂದೆ. ಸ್ಕ್ಯಾನ್‌ನಲ್ಲಿ ಆಕಾರ ಕಾಣುತ್ತೆ, ಕೆಲಸ ಕಾಣಲ್ಲ ಅಂದರು. ಅವತ್ತು ರಾತ್ರಿಯಿಂದ ಓದೋಕೆ ಶುರುಮಾಡಿದೆ.

ಇಇಜಿ ಇಲ್ಲಿ ಕಷ್ಟ. ಕೊನೆಯ ತಿಂಗಳುಗಳಲ್ಲಿ ಮಗುವಿನ ಮೈಗೆ ಬೆಣ್ಣೆಯಂಥ ವರ್ನಿಕ್ಸ್ ಅಂಟಿರುತ್ತೆ, ಅದು ವಿದ್ಯುತ್ತನ್ನ ತಡೆಯುತ್ತೆ. ಕಾಂತಕ್ಷೇತ್ರ ಮಾತ್ರ ಹೊರಗೆ ಬರುತ್ತೆ. 1985ರಲ್ಲೇ ಎರಿಕ್ ಸಾಲಿಂಗ್ ಇದ್ದ ಜರ್ಮನ್ ತಂಡ ಇದನ್ನ ಅಳೆದಿತ್ತು. ಆಮೇಲೆ ಅಮೆರಿಕದ ಅರ್ಕಾನ್ಸಸ್ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ 'ಸಾರಾ' ಅನ್ನೋ ಯಂತ್ರ ಬಂತು. ಬಸುರಿ ಮುಂದಕ್ಕೆ ಬಾಗಿ, ಹೊಟ್ಟೆಯನ್ನ ಬಟ್ಟಲಿನಂಥ ತಗ್ಗಿಗೆ ಆನಿಸಿ ಕೂತರೆ ಆಯ್ತು. ಒಳಗೆ 151 ಸ್ಕ್ವಿಡ್ ಸೆನ್ಸರ್‌ಗಳು, ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಯಲ್ಲಿ. (ಹೀಲಿಯಂ ಅಂದ್ರೆ, ನಮ್ಮ ಪಕ್ಕದ ಬೀರ್‌ಭೂಮ್‌ನ ಬಕ್ರೇಶ್ವರದ ಬಿಸಿನೀರಿನ ಬುಗ್ಗೆಗಳಲ್ಲೂ ಬರುತ್ತೆ!)

ಸಿಗ್ನಲ್ ಎಷ್ಟು ಸಣ್ಣದು ಅಂದ್ರೆ, ಭೂಮಿಯ ಕಾಂತಕ್ಷೇತ್ರದ ಸುಮಾರು ನೂರು ಕೋಟಿಯಲ್ಲೊಂದು ಭಾಗ. ಅದಕ್ಕೇ ವಿಶೇಷ ಲೋಹದ ಕೋಣೆ ಬೇಕು. ಕೋಣೆಯೊಳಗೂ ತಾಯಿಯ ಎದೆಬಡಿತ, ಮಗುವಿನ ಎದೆಬಡಿತ ಎರಡೂ ಮಿದುಳಿಗಿಂತ ಜೋರು. ಅವನ್ನ ಸಾಫ್ಟ್‌ವೇರ್‌ನಲ್ಲಿ ಕಳೀಬೇಕು. ಒಂದು ಬೀಪ್ ಸದ್ದನ್ನ ಮತ್ತೆ ಮತ್ತೆ ಕೇಳಿಸಿ, ಉತ್ತರಗಳ ಸರಾಸರಿ ತೆಗೆದರೆ ಮಗು ಕೇಳಿಸ್ಕೊಂಡಿದ್ದು ಕಾಣುತ್ತೆ. ಬೆಳಕಿಗೂ ಹೀಗೇ. ವಾರಗಳು ಕಳೆದಂತೆ ಉತ್ತರ ಬೇಗ ಬರುತ್ತೆ, ಅದೇ ಮಿದುಳು ಬಲಿಯುತ್ತಿರೋ ಗುರುತು. ನನಗೆ ಮೈ ಜುಮ್ಮೆಂದಿದ್ದು ಇಲ್ಲಿ.

ಆದರೆ ನನ್ನ ಪ್ರಶ್ನೆಗೆ ಇದು ಉತ್ತರವಲ್ಲ. ಎಲ್ಲ ಮಕ್ಕಳಲ್ಲೂ ಪ್ರತಿ ಸಲ ಸಿಗ್ನಲ್ ಸಿಗಲ್ಲ. ಸಿಗಲಿಲ್ಲ ಅಂದರೆ ತೊಂದರೆ ಇದೆ ಅಂತಲೂ ಅಲ್ಲ. ಇದಿನ್ನೂ ಸಂಶೋಧನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಂಇಜಿ ಇದೆ, ಆದರೆ ಅದು ತಲೆಗೆ ಹಾಕೋ ಹೆಲ್ಮೆಟ್ ಥರದ್ದು. ಹಾಗಾಗಿ "ಮಗುವಿನ ಮಿದುಳು ಅಳೀತೀವಿ" ಅಂತ ಯಾರಾದರೂ ಗ್ಯಾಜೆಟ್ ಮಾರೋಕೆ ಬಂದರೆ ದುಡ್ಡು ಕೊಡಬೇಡಿ.

ನಮಗೆ ಗುರುವಾರ ಮತ್ತೆ ಡಾಪ್ಲರ್ ಇದೆ. ಅಲ್ಲಿವರೆಗೆ ದಿನಾ ಊಟ ಆದಮೇಲೆ ಒದೆತ ಎಣಿಸೋದು. ದಾವಣಗೆರೆಯಿಂದ ನಮ್ಮತ್ತೆ ಬಂದಿದ್ದಾರೆ, ಕ್ಯಾಲೆಂಡರ್ ಹಿಂದೆ ಅವರೇ ಲೆಕ್ಕ ಬರೀತಾರೆ. ಒದೆತ ಕಮ್ಮಿ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಬನ್ನಿ ಅಂದಿದ್ದಾರೆ ಡಾಕ್ಟರು.