ವೇಷ ಕಳಚಿದ ಗುರು, ಬಯಲಾದ ಗುಟ್ಟು

(ಉಪನ್ಯಾಸವೊಂದರ ಬರಹರೂಪ)

ದೀಕ್ಷೆ ಎಂದರೆ ಗುಟ್ಟಿನ ವಿಷಯ ಎಂಬ ನಂಬಿಕೆ ಲೋಕದಲ್ಲೆಲ್ಲ ಇದೆ. ಬಾಗಿಲು ಮುಚ್ಚಿ, ಕಣ್ಣಿಗೆ ಬಟ್ಟೆ ಕಟ್ಟಿ, ಆಣೆ ಹಾಕಿಸಿ ಒಳಗೆ ಸೇರಿಸಿಕೊಳ್ಳುವ ಕೂಟಗಳು ಅನೇಕ. ಅಲ್ಲಿ ಗುಟ್ಟಿನ ಜೊತೆಗೇ ಒಂದು ಮೋಸವೂ ಇರುತ್ತದೆ. ದಕ್ಷಿಣ ಅಮೆರಿಕದ ತುದಿಯ ತಿಯೆರಾ ದೆಲ್ ಫ್ಯೂಗೊ ದ್ವೀಪದಲ್ಲಿದ್ದ ಸೆಲ್ಕ್‌ನಾಮ್ ಜನರ ‘ಹೈನ್’ ಎಂಬ ಆಚರಣೆಯನ್ನು ನೋಡಿ. 1923ರಲ್ಲಿ ಅದನ್ನು ಕಣ್ಣಾರೆ ಕಂಡ ಪಾದ್ರಿ ಮಾರ್ಟಿನ್ ಗುಸಿಂಡೆ ವಿವರವಾಗಿ ಬರೆದಿದ್ದಾರೆ. ಭಯಂಕರ ಮುಖವಾಡದ ಭೂತವೊಂದು ಹದಿಹರೆಯದ ಹುಡುಗನ ಮೇಲೆ ಎರಗುತ್ತದೆ. ಹೋರಾಟದ ಕೊನೆಗೆ ಮುಖವಾಡ ಕಳಚಿದರೆ ಒಳಗಿರುವವನು ಅವನದೇ ಊರಿನ ಮನುಷ್ಯ! ಈ ಸತ್ಯವನ್ನು ಹೆಂಗಸರಿಗೆ ಎಂದೂ ಹೇಳಬಾರದೆಂದು ಹುಡುಗನಿಗೆ ಕಟ್ಟಪ್ಪಣೆಯಾಗುತ್ತದೆ. ಮೋಸಕ್ಕೆ ಒಳಗಾಗಿದ್ದವನು ಅಂದಿನಿಂದ ಮೋಸದ ಪಾಲುದಾರನಾಗುತ್ತಾನೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಕಡೆ ತಿರುಗಿದರೆ ಬೇರೆಯೇ ಒಂದು ದೀಕ್ಷಾ ಸಂಪ್ರದಾಯ ಕಾಣುತ್ತದೆ. ಅದು ಮಂಟೇಸ್ವಾಮಿಯ ಒಕ್ಕಲಾದ ನೀಲಗಾರರದು. ಹರಕೆ ಹೊತ್ತ ಮನೆಯವರು ಮಗನೊಬ್ಬನನ್ನು ‘ನೀಲಗಾರನಾಗಿ ಬಿಡುವುದು’ ಇಲ್ಲಿನ ವಾಡಿಕೆ. ದೀಕ್ಷೆ ಪಡೆದವನು ಕಪ್ಪುಧೂಳ್ತ ಧರಿಸಿ, ಹೆಗಲಿಗೆ ಜೋಳಿಗೆ ಹಾಕಿ, ತಂಬೂರಿ ಹಿಡಿದು ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕತೆ ಹಾಡಬೇಕು. ನೀಲಗಾರರಲ್ಲಿ ಹೆಚ್ಚಿನವರು ದಲಿತರು ಮತ್ತು ಹಿಂದುಳಿದ ಸಮುದಾಯದವರು ಎಂಬುದು ಗಮನಿಸಬೇಕಾದ ಸಂಗತಿ.

ಇಲ್ಲಿಯೂ ವೇಷವಿದೆ, ಮರೆಮಾಚುವಿಕೆಯಿದೆ. ಆದರೆ ವೇಷ ಹಾಕುವವನು ಯಾರು, ಯಾರನ್ನು ಪರೀಕ್ಷಿಸಲು ಎಂಬುದರಲ್ಲಿ ವ್ಯತ್ಯಾಸವಿದೆ.

ಕಾವ್ಯದ ಕಲ್ಯಾಣ ಪಟ್ಟಣದ ಭಾಗವನ್ನೇ ತೆಗೆದುಕೊಳ್ಳೋಣ. ಬಸವಣ್ಣನ ಮನೆಯಲ್ಲಿ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ನಿತ್ಯ ದಾಸೋಹ. ಅವರಲ್ಲಿ ನಿಜವಾದವರೆಷ್ಟು ಮಂದಿ ಎಂದು ನೋಡಲು ಗುರು ಮಂಟೇಸ್ವಾಮಿ ಬರುತ್ತಾನೆ. ಬರುವುದು ಹೇಗೆ? ಮೈ ಕೊಳೆತು ನಾರುತ್ತಿರುವ, ಯಾರೂ ಹತ್ತಿರ ಸೇರಿಸದ ರೂಪದಲ್ಲಿ. ಬಾಗಿಲಲ್ಲಿದ್ದವರು ತಡೆಯುತ್ತಾರೆ, ಹೊಡೆಯುತ್ತಾರೆ. ಗುರು ತಿಪ್ಪೆಯ ಪಾಲಾಗುತ್ತಾನೆ. ಕೊನೆಗೆ ಬಸವಣ್ಣ ಹುಡುಕಿಕೊಂಡು ತಿಪ್ಪೆಯ ಬಳಿಗೇ ಬರಬೇಕಾಗುತ್ತದೆ. ಕೊಳೆತಂತೆ ಕಂಡವನು ಗುರು; ವಿಭೂತಿ, ಕಾವಿ ಧರಿಸಿ ಉಣ್ಣುತ್ತಿದ್ದವರಲ್ಲಿ ಬಹುಪಾಲು ಕಪಟಿಗಳು. ಇಬ್ಬರದೂ ವೇಷವೇ. ಒಂದು ಸುಳ್ಳನ್ನು ಮುಚ್ಚಲು, ಇನ್ನೊಂದು ಅದನ್ನು ಬಯಲಿಗೆಳೆಯಲು. ಇತಿಹಾಸದ ಬಸವಣ್ಣನನ್ನು ಈ ಕತೆಯಲ್ಲಿ ಹುಡುಕಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಆ ದೊಡ್ಡ ಕನಸಿನ ಬಾಗಿಲಲ್ಲೂ ತಮ್ಮನ್ನು ತಡೆದವರಿದ್ದರು ಎಂದು ಹೊರಗೆ ನಿಂತವರು ಕಟ್ಟಿದ ಕತೆ ಇದು.

ಎರಡನೆಯದು ಕೆಂಪಾಚಾರಿಯ ಕತೆ. ನಿಡುಘಟ್ಟದ ಆಚಾರರ ಮನೆಯ ಈ ಹುಡುಗನನ್ನು ಶಿಶುಮಗನಾಗಿ ಕೊಡಿ ಎಂದು ಗುರು ಕೇಳುತ್ತಾನೆ. ಹೆತ್ತವರು ಒಪ್ಪುವುದಿಲ್ಲ. ಮನೆಗೆ ಕಷ್ಟ ಬಂದು, ಕಡೆಗೆ ಮಗನನ್ನು ಬಿಟ್ಟುಕೊಡಬೇಕಾಗುತ್ತದೆ. ಕಠಿಣ ಪರೀಕ್ಷೆಗಳ ನಂತರ ಅವನು ಸಿದ್ದಪ್ಪಾಜಿಯಾಗುತ್ತಾನೆ. ಅಲ್ಲಿಗೂ ದೀಕ್ಷೆ ಮುಗಿಯುವುದಿಲ್ಲ. ಹಲಗೂರಿಗೆ ಹೋಗಿ ಕಬ್ಬಿಣದ ಭಿಕ್ಷೆ ತರಬೇಕೆಂದು ಗುರುವಿನ ಅಪ್ಪಣೆ. ಹಲಗೂರಿನ ಪಾಂಚಾಳರು ಅವನ ಕುಲದವರೇ. ಮನೆತುಂಬ ಕಬ್ಬಿಣವಿದ್ದರೂ ಇಲ್ಲವೆನ್ನುತ್ತಾರೆ. ಪವಾಡ ಗೆದ್ದು ತೋರಿಸು ಎಂದು ಸವಾಲು ಹಾಕುತ್ತಾರೆ. ಅವನು ಗೆಲ್ಲುತ್ತಾನೆ, ಸುಳ್ಳಾಡಿದವರು ಕೆಡುತ್ತಾರೆ. ದೀಕ್ಷೆ ಪಡೆದವನ ನಿಜವಾದ ಪರೀಕ್ಷೆ ಕತ್ತಲ ಕೋಣೆಯಲ್ಲಿ ನಡೆಯಲಿಲ್ಲ. ತನ್ನವರ ಮುಂದೆ ಜೋಳಿಗೆ ಒಡ್ಡಿ ನಿಂತಾಗ ನಡೆಯಿತು.

ಹಾಗೆಂದು ಗುರು ಮಾಡಿದ್ದೆಲ್ಲ ಸರಿ ಎನ್ನಬೇಕೆ? ಮಗನನ್ನು ಕಳೆದುಕೊಂಡ ಮನೆಯ ಸಂಕಟ ಸಣ್ಣದಲ್ಲ. ಪರೀಕ್ಷೆಯ ಹೆಸರಿನಲ್ಲಿ ಶಿಷ್ಯರನ್ನು ಹಿಂಸಿಸುವ, ಅದನ್ನು ಗುಟ್ಟಾಗಿಡಿಸುವ ಗುರುಗಳು ಯಾವ ಕಾಲಕ್ಕೂ ಇದ್ದಾರೆ. ಅವರನ್ನು ಗುರುತಿಸಲು ಈ ಸಂಪ್ರದಾಯವೇ ಒಂದು ಅಳತೆಗೋಲು ಕೊಡುತ್ತದೆ. ನಡೆದದ್ದನ್ನು ಆಮೇಲೆ ಎಲ್ಲರೆದುರು ಹೇಳಬಹುದೇ? ಸೆಲ್ಕ್‌ನಾಮ್ ಹುಡುಗ ಬಾಯಿ ಮುಚ್ಚಿಕೊಂಡಿರಬೇಕು. ನೀಲಗಾರ ಬಾಯಿ ಬಿಟ್ಟು ಹಾಡಲೇಬೇಕು. ಗುರುವಿನ ವೇಷ, ಅವನ ನಿಷ್ಠುರತೆ, ಹೆತ್ತವರ ನಿರಾಕರಣೆ ಯಾವುದನ್ನೂ ಬಚ್ಚಿಡದೆ ಜಗಲಿಯ ಮೇಲೆ ರಾತ್ರಿಯಿಡೀ ಹಾಡುತ್ತಾನೆ. ಹೆಂಗಸರು, ಮಕ್ಕಳು, ದೀಕ್ಷೆ ಪಡೆಯದವರು ಎಲ್ಲರೂ ಕೇಳುತ್ತಾರೆ. ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ಕಂಠದಿಂದ ಇದೇ ಕತೆ ಧ್ವನಿಮುದ್ರಿಕೆಗಳಲ್ಲೂ ಮನೆಮನೆ ತಲುಪಿದೆ.

ಸಿದ್ದಪ್ಪಾಜಿಯ ಗದ್ದುಗೆ ಇರುವುದು ಚಿಕ್ಕಲ್ಲೂರಿನಲ್ಲಿ. ಬನದ ಹುಣ್ಣಿಮೆಯಂದು ಬಿದಿರು, ಬಟ್ಟೆಯಿಂದ ಕಟ್ಟಿದ ಚಂದ್ರಮಂಡಲಕ್ಕೆ ಬೆಂಕಿ ಹಚ್ಚುವುದರೊಂದಿಗೆ ಐದು ದಿನಗಳ ಜಾತ್ರೆ ಆರಂಭ. ಉರಿಯುವ ಬಗೆ ನೋಡಿ ರೈತರು ಆ ವರ್ಷದ ಮಳೆಬೆಳೆಯನ್ನು ಲೆಕ್ಕಹಾಕುತ್ತಾರೆ. ಮುಡಿಸೇವೆ, ನೀಲಗಾರರ ದೀಕ್ಷೆ, ಪಂಕ್ತಿಸೇವೆ ಎಲ್ಲವೂ ಆ ಬಯಲಿನಲ್ಲೇ, ಸಾವಿರಾರು ಜನರ ನಡುವೆ. ಪಂಕ್ತಿಸೇವೆಯಲ್ಲಿ ಜಾತಿ ಕೇಳದೆ ಒಟ್ಟಿಗೆ ಕೂತು ಉಣ್ಣುವುದು ಹಿಂದಿನಿಂದ ಬಂದ ಪದ್ಧತಿ.

ಕಲ್ಯಾಣದ ಬಾಗಿಲಲ್ಲಿ ತಡೆಸಿಕೊಂಡವನ ಒಕ್ಕಲು ಬಾಗಿಲೇ ಇಲ್ಲದ ಕಡೆ ದೀಕ್ಷೆ ಪಡೆಯುತ್ತದೆ, ಊಟಕ್ಕೆ ಕೂರುತ್ತದೆ. ಪಕ್ಕದಲ್ಲಿ ಕುಳಿತವನು ಯಾರೆಂದು ಯಾರೂ ವಿಚಾರಿಸುವುದಿಲ್ಲ. ಅವನು ಗುರುವೇ ಇರಬಹುದಲ್ಲ!