ನುಡಿಯೊಳಗಣ ದುಡಿಮೆ



ಇಂಗ್ಲಿಷರ ಆಡುಮಾತಿನಲ್ಲಿ ನಿತ್ಯವೂ ಕೇಳಿಬರುವ ಕೆಲವು ಗಾದೆಗಳ ಹಾಗೂ ಉಪಮೆಗಳ ಮೂಲವನ್ನು ಕುರಿತು ಈ ಸಂಜೆ ನಾಲ್ಕು ಮಾತುಗಳನ್ನಾಡಲು ಅಪೇಕ್ಷಿಸುತ್ತೇನೆ. ಉಪಮೆಯೆಂದೊಡನೆ ನಾವು ಕವಿಯನ್ನೂ ಅಲಂಕಾರಶಾಸ್ತ್ರವನ್ನೂ ನೆನೆಯುವುದು ಸಹಜವೇ. ಆದರೆ ಶತಮಾನಗಳಿಂದ ಜನರ ನಾಲಗೆಯ ಮೇಲೆ ಉಳಿದುಬಂದಿರುವ ಎಷ್ಟೋ ಉಪಮೆಗಳು ಜನ್ಮತಾಳಿದುದು ವಿದ್ವತ್ಸಭೆಯಲ್ಲಲ್ಲ, ಕುಲುಮೆಯ ಮುಂದೆ, ಹಡಗಿನ ಮೇಲೆ, ಕುಶಲಕರ್ಮಿಗಳ ಕತ್ತಲೆಗೋಣೆಗಳಲ್ಲಿ.

ಕಬ್ಬಿಣ ಕಾದಿರುವಾಗಲೇ ಬಡಿಯಬೇಕೆಂಬ ಮಾತನ್ನು ಹದಿನಾಲ್ಕನೆಯ ಶತಮಾನದ ಚಾಸರ್ ಕವಿಯೂ ಬಲ್ಲ. ಇದಕ್ಕೆ ನಮ್ಮಲ್ಲಿ ಟೀಕೆಯ ಅಗತ್ಯವೇ ಇಲ್ಲ. ಏಕೆಂದರೆ ತಿದಿ, ಇಕ್ಕಳ, ಅಡಿಗಲ್ಲುಗಳನ್ನು ಕಂಡವರೆಲ್ಲರಿಗೂ, ಕೆಂಪು ಆರಿತೆಂದರೆ ಕಬ್ಬಿಣ ಮಾತು ಕೇಳದೆಂಬುದು ತಾನಾಗಿಯೇ ತಿಳಿದ ಸಂಗತಿ. ನ್ಯೂಕಾಸಲ್‌ಗೆ ಕಲ್ಲಿದ್ದಲು ಹೊತ್ತಂತೆ ಎಂಬುದಕ್ಕಾದರೋ ಸ್ವಲ್ಪ ಭೂಗೋಳ ಬೇಕು: ಟೈನ್ ನದಿಯ ದಡದ ಆ ಊರಿನಿಂದಲೇ ಲಂಡನ್ನಿನ ಒಲೆಗಳಿಗೆ ಹಡಗುಗಳಲ್ಲಿ ಕಲ್ಲಿದ್ದಲು ಹೋಗುತ್ತಿದ್ದುದರಿಂದ, ಅಲ್ಲಿಗೇ ಅದನ್ನು ಒಯ್ಯುವುದು ವ್ಯರ್ಥಪ್ರಯಾಸದ ಪರಾಕಾಷ್ಠೆಯೆನಿಸಿತು.

ಇನ್ನು, ಕುಡಿದು ತೂರಾಡುವವನನ್ನು ಇಂಗ್ಲಿಷರು ಮೂರು ಷೀಟುಗಳನ್ನು ಗಾಳಿಗೆ ಬಿಟ್ಟವನೆನ್ನುತ್ತಾರೆ. ಷೀಟೆಂದರೆ ಹಾಯಿಯ ಬಟ್ಟೆಯೆಂದು ಭಾವಿಸುವುದು ಸುಲಭ; ನಾವಿಕರ ಪರಿಭಾಷೆಯಲ್ಲಿ ಅದು ಹಾಯಿಯ ಕೆಳತುದಿಯನ್ನು ಬಿಗಿದು ಹಿಡಿಯುವ ಹಗ್ಗ. ಹಗ್ಗಗಳು ಸಡಿಲಿದರೆ ಹಾಯಿ ಗಾಳಿಯನ್ನು ಹಿಡಿಯಲಾರದೆ ಬಡಿದಾಡುವುದು, ಹಡಗು ಹಿಡಿತ ತಪ್ಪಿ ಹೊಯ್ದಾಡುವುದು. ಹಗ್ಗ ಹಿಡಿದು ಅಂಗೈ ಬೊಬ್ಬೆಯೆದ್ದವನಿಗಲ್ಲದೆ ಇಂಥ ಹೋಲಿಕೆ ಹೊಳೆಯುವುದೆಂತು?

ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕಿರುವುದು, ಹ್ಯಾಟು ಮಾಡುವವನಂತೆ ಹುಚ್ಚನೆಂಬ ಉಪಮೆ. 1865ರಲ್ಲಿ ಪ್ರಕಟವಾದ ಲೂಯಿಸ್ ಕ್ಯಾರಲ್‌ನ ಆಲಿಸಳ ಕಥೆ ಅಂಥ ಹ್ಯಾಟುಗಾರನೊಬ್ಬನನ್ನು ಲೋಕವಿಖ್ಯಾತನನ್ನಾಗಿಸಿತಾದರೂ, ಆ ಮಾತು ಅದಕ್ಕೆ ದಶಕಗಳ ಮುಂಚಿನಿಂದಲೂ ಬಳಕೆಯಲ್ಲಿತ್ತು. ಮೊಲ ಮೊದಲಾದ ಪ್ರಾಣಿಗಳ ರೋಮವು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಫೆಲ್ಟ್ ಆಗಲೆಂದು ಅದಕ್ಕೆ ಪಾದರಸದ ನೈಟ್ರೇಟ್ ದ್ರಾವಣವನ್ನು ಹಚ್ಚುತ್ತಿದ್ದರು. ಮುಂದೆ ಹಬೆಯ ನಡುವೆ ಅದನ್ನು ಟೋಪಿಯಾಗಿ ರೂಪಿಸುವಾಗ, ಗಾಳಿಯಾಡದ ಕೋಣೆಗಳಲ್ಲಿ ಪಾದರಸದ ಆವಿಯನ್ನು ವರ್ಷಗಟ್ಟಲೆ ಉಸಿರಾಡಿದ ಕರ್ಮಿಗಳ ಕೈಗಳು ನಡುಗತೊಡಗುತ್ತಿದ್ದವು, ಮಾತು ತೊದಲುತ್ತಿತ್ತು, ಅತಿಯಾದ ಸಂಕೋಚವೂ ಹಠಾತ್ತನೆ ಎರಗುವ ಕೋಪವೂ ಅವರ ಸ್ವಭಾವವನ್ನೇ ಮಾರ್ಪಡಿಸುತ್ತಿದ್ದವು. ಹ್ಯಾಟುಗಳಿಗೆ ಹೆಸರಾದ ಅಮೆರಿಕದ ಡ್ಯಾನ್‌ಬರಿಯಲ್ಲಿ ಈ ವ್ಯಾಧಿಗೆ ಊರಿನ ಹೆಸರೇ ಅಂಟಿ, ಅದು ಡ್ಯಾನ್‌ಬರಿಯ ನಡುಕವೆನಿಸಿತು. ಆ ದೇಶದ ಹ್ಯಾಟುಗಾರಿಕೆಯಲ್ಲಿ ಪಾದರಸದ ಬಳಕೆ ಕೊನೆಗೊಂಡುದು 1941ರಲ್ಲಿ. ಉಪಮೆಯ ಹುಟ್ಟಿಗೆ ಬೇರೆ ಕಾರಣಗಳನ್ನು ಊಹಿಸುವ ಪಂಡಿತರೂ ಉಂಟು. ಆದರೆ ಈ ಜನರ ಸಂಕಟವು ಊಹೆಯಲ್ಲ. ಅದನ್ನು ಅರಿತ ಮೇಲೆ ಆ ಮಾತನ್ನು ನಗುತ್ತಾ ಆಡುವುದು ನನಗಂತೂ ಸಾಧ್ಯವಾಗಿಲ್ಲ.

ಪರಭಾಷೆಯ ಗಾದೆಯನ್ನು ಶಬ್ದಾರ್ಥ ಮಾತ್ರದಿಂದ ಕಲಿತವರು ಅದರ ಸಿಪ್ಪೆಯನ್ನಷ್ಟೇ ಪಡೆದಿರುತ್ತಾರೆ. ಅದನ್ನು ಹಡೆದ ದುಡಿಮೆಯನ್ನು ಅರಿತಾಗಲೇ ತಿರುಳು ದಕ್ಕುವುದು. ಸ್ವಭಾಷೆಗೂ ಇದು ಅನ್ವಯಿಸುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ನಿಘಂಟಿನಲ್ಲಿ ಕಿಟ್ಟೆಲರು ಶಬ್ದಗಳ ಬಳಕೆಗೆ ಗಾದೆಗಳನ್ನು ಮತ್ತೆ ಮತ್ತೆ ಸಾಕ್ಷಿಯಾಗಿ ನಿಲ್ಲಿಸಿದ್ದಾರೆ. ಆಡುವವರ ಬದುಕಿನಿಂದ ಅಗಲಿಸಿದ ಶಬ್ದ ನಿರ್ಜೀವವೆಂಬುದನ್ನು ಆ ಕ್ರಮವೇ ಸಾರುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ನಾವು ಸರಾಗವಾಗಿ ನುಡಿಯುತ್ತೇವೆ. ಆದರೆ ಮಣ್ಣನ್ನು ತುಳಿದು, ಹದಮಾಡಿ, ತಿಗುರಿಯ ಮೇಲೆ ತಿರುವಿ, ತಟ್ಟಿ, ನೆರಳಲ್ಲಿ ಆರಿಸಿ, ಆವಿಗೆಯಲ್ಲಿ ಸುಡುವುದನ್ನು ಒಮ್ಮೆಯೂ ನೋಡದವರಿಗೆ ನಿಮಿಷವೆಂಬುದು ತಿಳಿದೀತೇ ಹೊರತು, ವರುಷವೆಂಬುದರ ಭಾರ ತಿಳಿಯದು. ಅದನ್ನು ತಿಳಿಸಬಲ್ಲವನು ಕುಂಬಾರನೊಬ್ಬನೇ.